ತ್ರಿಭುಜದ ಲೆಕ್ಕ ಕೆಡುವುದು ಹೆಸರು ಬರೆಯುವಾಗ

ಸಮರೂಪ ತ್ರಿಭುಜದ ಲೆಕ್ಕದಲ್ಲಿ ಮಕ್ಕಳು ಎಡವುವುದು ಪ್ರಮೇಯ ಗೊತ್ತಿಲ್ಲದೆ ಅಲ್ಲ. ಪ್ರಮೇಯವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಆದರೆ ಎರಡು ತ್ರಿಭುಜಗಳ ಹೆಸರು ಬರೆಯುವಾಗ ಅಕ್ಷರಗಳನ್ನು ತೋಚಿದ ಹಾಗೆ ಜೋಡಿಸುತ್ತಾರೆ. ಅಲ್ಲಿಗೆ ಲೆಕ್ಕ ಕೆಟ್ಟಿತು. ಪಾಠ ಹೇಳಿಕೊಡಲು ಕೂತ ದೊಡ್ಡವರೂ ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಹಾಳೆ, ಪೆನ್ಸಿಲ್, ಸ್ಕೇಲ್, ಕೈವಾರ ಇಟ್ಟುಕೊಂಡೇ ಓದಿ.

ಹಂತ 1: ಸರ್ವಸಮವೋ, ಸಮರೂಪವೋ?

ಆಕಾರ, ಅಳತೆ ಎರಡೂ ಒಂದೇ ಆದರೆ ಸರ್ವಸಮ. ಆಕಾರ ಮಾತ್ರ ಒಂದೇ ಆಗಿದ್ದರೆ ಸಮರೂಪ. ಸಮರೂಪಕ್ಕೆ ಎರಡು ಕೋನ ಹೊಂದಿದರೆ ಸಾಕು, ಮೂರನೆಯದು ತಾನಾಗಿ ಹೊಂದುತ್ತದೆ. ಒಟ್ಟು 180 ಡಿಗ್ರಿ ತಾನೇ?

ಸರ್ವಸಮದಲ್ಲಿ ಒಂದೇ ಎಚ್ಚರಿಕೆ. ಎರಡು ಬಾಹು, ಒಂದು ಕೋನ ಸಮ ಎಂದ ತಕ್ಷಣ ಬಾಕೋಬಾ (ಬಾಹು-ಕೋನ-ಬಾಹು) ಎಂದು ಬರೆಯಬೇಡಿ. ಕೋನ ಆ ಎರಡು ಬಾಹುಗಳ ನಡುವೆಯೇ ಇರಬೇಕು. ನಂಬಿಕೆ ಬರದಿದ್ದರೆ ‘ಎ’ ಬಳಿ 30 ಡಿಗ್ರಿ ಕೋನ ಬರೆಯಿರಿ. ಒಂದು ಗೆರೆಯ ಮೇಲೆ 10 ಸೆಂ.ಮೀ. ದೂರದಲ್ಲಿ ‘ಬಿ’ ಗುರುತಿಸಿ. ‘ಬಿ’ಯಲ್ಲಿ ಮೊನೆ ಊರಿ 6 ಸೆಂ.ಮೀ. ಕಂಸ ಎಳೆಯಿರಿ. ಅದು ಇನ್ನೊಂದು ಗೆರೆಯನ್ನು ಎರಡು ಕಡೆ ಕತ್ತರಿಸುತ್ತದೆ: ‘ಎ’ಯಿಂದ ಸುಮಾರು 5.3 ಸೆಂ.ಮೀ. ದೂರದಲ್ಲಿ ಒಮ್ಮೆ, ಸುಮಾರು 12 ಸೆಂ.ಮೀ. ದೂರದಲ್ಲಿ ಇನ್ನೊಮ್ಮೆ. ಅಂದರೆ ಅದೇ ಅಳತೆಗೆ ಎರಡು ಬೇರೆ ಬೇರೆ ತ್ರಿಭುಜ! (ಕೀಲು ಸಡಿಲವಾದ ಕೈವಾರದಲ್ಲಿ ಇದನ್ನು ಮಾಡಲು ಹೋಗಬೇಡಿ. ಎಳೆಯುವಾಗಲೇ ಅಗಲವಾಗುತ್ತದೆ. ಜಾಮೆಟ್ರಿ ಬಾಕ್ಸ್ ಎಷ್ಟೇ ಚಂದ ಇರಲಿ, ಕೈವಾರ ಬಿಗಿಯಾಗಿದೆಯೇ ನೋಡಿ ಕೊಳ್ಳಿ.)

ಹಂತ 2: ಅಕ್ಷರಗಳ ಸಾಲು

ಇಲ್ಲಿ ಅವಸರ ಬೇಡ. ಜಾಸ್ತಿ ಜನ ತಪ್ಪುವ ಚಿತ್ರವನ್ನೇ ತೆಗೆದುಕೊಳ್ಳೋಣ. ಎಬಿಸಿ ಒಂದು ಲಂಬಕೋನ ತ್ರಿಭುಜ, ಲಂಬಕೋನ ಇರುವುದು ‘ಬಿ’ಯಲ್ಲಿ. ಎಬಿ 6, ಬಿಸಿ 8, ವಿಕರ್ಣ (ಲಂಬಕೋನದ ಎದುರಿನ ಬಾಹು) ಎಸಿ 10. ‘ಬಿ’ಯಿಂದ ವಿಕರ್ಣಕ್ಕೆ ಲಂಬ ಎಳೆದಿದ್ದೇವೆ, ಅದು ‘ಡಿ’ಯಲ್ಲಿ ಮುಟ್ಟುತ್ತದೆ. ಈಗ ಚಿತ್ರದಲ್ಲಿ ಮೂರು ತ್ರಿಭುಜಗಳಿವೆ: ದೊಡ್ಡದು ಒಂದು, ಅದರೊಳಗೆ ಎರಡು. ಮೂರೂ ಸಮರೂಪ.

ಒಂದರ ಮೇಲೊಂದು ಕೂತಿರುವ ಚಿತ್ರವನ್ನು ದಿಟ್ಟಿಸಿ ಪ್ರಯೋಜನವಿಲ್ಲ. ಮೂರನ್ನೂ ಪಕ್ಕದಲ್ಲಿ ಬೇರೆ ಬೇರೆಯಾಗಿ ಬರೆಯಿರಿ. ಬರೆಯುವಾಗ ಲಂಬಕೋನ ಮೂರರಲ್ಲೂ ಕೆಳಗೆ ಎಡಮೂಲೆಗೆ ಬರುವ ಹಾಗೆ ತಿರುಗಿಸಿ. ಚಿಕ್ಕ ಬಾಹು ನಿಂತಿರಲಿ, ಅದಕ್ಕಿಂತ ದೊಡ್ಡದು ಮಲಗಿರಲಿ. ಕೆಲವೊಮ್ಮೆ ಮಗುಚಿ ಬರೆಯಬೇಕಾಗುತ್ತದೆ, ಪರವಾಗಿಲ್ಲ. ‘ಟೈಮ್ ಇಲ್ಲ, ಹಾಗೇ ಮಾಡ್ತೀನಿ’ ಎನ್ನುವವರೇ ಆಮೇಲೆ ಇಡೀ ಲೆಕ್ಕ ಅಳಿಸಿ ಮತ್ತೆ ಬರೆಯುವುದು.

ಈಗ ಕೋನಗಳನ್ನು ಹೊಂದಿಸಿ. ಎಡಭಾಗದ ಚಿಕ್ಕ ತ್ರಿಭುಜದಲ್ಲಿ ಕೋನ ‘ಎ’ ದೊಡ್ಡದರ ಕೋನವೇ, ಎರಡಕ್ಕೂ ಸೇರಿದ್ದು. ಹಾಗಾಗಿ ‘ಎ’ಗೆ ‘ಎ’. ಲಂಬಕೋನ ದೊಡ್ಡದರಲ್ಲಿ ‘ಬಿ’ಯಲ್ಲಿದೆ, ಚಿಕ್ಕದರಲ್ಲಿ ‘ಡಿ’ಯಲ್ಲಿ. ಹಾಗಾಗಿ ‘ಬಿ’ಗೆ ‘ಡಿ’. ಉಳಿದದ್ದು ‘ಸಿ’ಗೆ ‘ಬಿ’. ಅಂದರೆ ಎಬಿಸಿಗೆ ಸಮರೂಪವಾದದ್ದು ಎಡಿಬಿ. ಎಬಿಡಿ ಎಂದು ಬರೆದರೆ ತಪ್ಪು. ಕಾಗದದ ಮೇಲೆ ತ್ರಿಭುಜ ಅದೇ ಇರಬಹುದು, ಆದರೆ ಸಾಲು ಬದಲಾದರೆ ಜೋಡಿಯೂ ಬದಲಾಗುತ್ತದೆ. ಬಲಭಾಗದ್ದನ್ನು ಇದೇ ರೀತಿ ನೀವೇ ಮಾಡಿ: ‘ಬಿ-ಡಿ-ಸಿ’ ಎಂದು ಬರಬೇಕು.

ಗೈಡುಗಳು ಈ ಜೋಡಿಸುವ ಕೆಲಸವನ್ನು ನುಂಗಿ ನೇರ ಉತ್ತರಕ್ಕೆ ಹಾರುತ್ತವೆ. ಅದಕ್ಕೇ ಗೈಡು ನೋಡಿ ಕಲಿತವರಿಗೆ ಚಿತ್ರ ಸ್ವಲ್ಪ ತಿರುಗಿಸಿ ಕೊಟ್ಟರೆ ಕೈಕಾಲು ಆಡುವುದಿಲ್ಲ.

ಹಂತ 3: ಅನುಪಾತ

ಸಾಲು ಸರಿಯಿದ್ದರೆ ಇನ್ನು ಚಿತ್ರ ನೋಡುವ ಅಗತ್ಯವೂ ಇಲ್ಲ. ಮೊದಲೆರಡು ಅಕ್ಷರ, ಕೊನೆಯೆರಡು, ಮೊದಲನೆಯದು ಮತ್ತು ಕೊನೆಯದು, ಹೀಗೆ ಕ್ರಮವಾಗಿ ಎತ್ತಿಕೊಳ್ಳಿ: ಎಬಿ/ಎಡಿ = ಬಿಸಿ/ಡಿಬಿ = ಎಸಿ/ಎಬಿ. ಕೊನೆಯ ಅನುಪಾತ 10/6. ಅದರಿಂದ ಎಡಿ 3.6, ಬಿಡಿ 4.8. ಉಳಿದ ಡಿಸಿ 6.4.

ಬಾಹುವಿಗೆ ಸಮಾಂತರವಾಗಿ ಒಳಗೆ ಗೆರೆ ಎಳೆದ ಚಿತ್ರದಲ್ಲಿ ಬೇರೆಯದೇ ಒಂದು ಗುಂಡಿ ಇದೆ. ಬೇರೊಂದು ತ್ರಿಭುಜ ಎಬಿಸಿಯಲ್ಲಿ ಎಬಿ ಮೇಲೆ ‘ಡಿ’, ಎಸಿ ಮೇಲೆ ‘ಇ’ ಇವೆ ಎನ್ನಿ. ಎಡಿ 4, ಡಿಬಿ 2, ಬಿಸಿಗೆ ಸಮಾಂತರವಾದ ಡಿಇ 6 ಇದ್ದರೆ ಬಿಸಿ ಎಷ್ಟು? ಸುಮಾರು ಜನ 4/2 = 6/ಬಿಸಿ ಎಂದು ಬರೆದು 3 ಎನ್ನುತ್ತಾರೆ. ಒಳಗಿನ ಗೆರೆ 6, ಹೊರಗಿನದು 3! ಚಿತ್ರ ಒಮ್ಮೆ ನೋಡಿದ್ದರೆ ಸಾಕಿತ್ತು, ಅಲ್ವಾ? ಡಿಬಿ ಯಾವ ಸಮರೂಪ ತ್ರಿಭುಜದ ಬಾಹುವೂ ಅಲ್ಲ, ಅದು ಬರೀ ತುಂಡು. ಇಡೀ ಎಬಿ, ಅಂದರೆ 6 ತೆಗೆದುಕೊಳ್ಳಿ. 4/6 = 6/ಬಿಸಿ. ಉತ್ತರ 9.

ಹಂತ 4: ತ್ರಿಕೋನಮಿತಿ

ಹೊಸ ಪಾಠ ಎಂದು ಹೆದರುವ ಕಾರಣವಿಲ್ಲ. ಮೊದಲಿನ ಮೂರು ತ್ರಿಭುಜಗಳಿಗೇ ಹೋಗಿ. ದೊಡ್ಡದರಲ್ಲಿ ಕೋನ ‘ಸಿ’ಗೆ ಅಭಿಮುಖ ಬಾಹು 6, ವಿಕರ್ಣ 10, ಭಾಗಿಸಿದರೆ 0.6. ಬಲಗಡೆಯದರಲ್ಲಿ 4.8/8, ಅದೂ 0.6. ಎಡಗಡೆಯದರಲ್ಲಿ ಅಷ್ಟೇ ದೊಡ್ಡ ಕೋನ ‘ಬಿ’ಯಲ್ಲಿದೆ: 3.6/6, ಮತ್ತೆ 0.6. ಅಳತೆ ಬದಲಾದರೂ ಈ ಸಂಖ್ಯೆ ಬದಲಾಗಲಿಲ್ಲ. ಅದೇ ಸೈನ್. ಪಾರ್ಶ್ವ ಬಾಹುವನ್ನು (ಕೋನಕ್ಕೆ ತಾಗಿದ, ವಿಕರ್ಣವಲ್ಲದ ಬಾಹು) ವಿಕರ್ಣದಿಂದ ಭಾಗಿಸಿದರೆ ಕಾಸ್, ಅಭಿಮುಖವನ್ನು ಪಾರ್ಶ್ವದಿಂದ ಭಾಗಿಸಿದರೆ ಟ್ಯಾನ್.

ಅಭಿಮುಖ ಯಾವುದು ಎಂಬುದು ಕೋನದ ಮೇಲೆ ನಿಂತಿದೆ. ‘ಸಿ’ಗೆ ಅಭಿಮುಖವಾದದ್ದು ‘ಎ’ಗೆ ಪಾರ್ಶ್ವ. ಆದ್ದರಿಂದ ಮೊದಲು ಕೋನಕ್ಕೆ ಗುರುತು ಹಾಕಿ, ಆಮೇಲೆ ಬಾಹುಗಳಿಗೆ ಹೆಸರಿಡಿ. ಸುಮ್ನೆ ‘ನಿಂತದ್ದು ಅಭಿಮುಖ, ಮಲಗಿದ್ದು ಪಾರ್ಶ್ವ’ ಎಂಬ ಅಡ್ಡದಾರಿ ಹಿಡಿದರೆ ಚಿತ್ರ ತಿರುಗಿದ ಕೂಡಲೇ ಕೈಕೊಡುತ್ತದೆ. ಕ್ಯಾಲ್ಕುಲೇಟರ್‌ನಲ್ಲಿ ಸೈನ್ 30 ಒತ್ತಿ. 0.5 ಬದಲು −0.988 ಬಂದರೆ ಅದು ರೇಡಿಯನ್‌ನಲ್ಲಿದೆ (ಕೋನ ಅಳೆಯುವ ಇನ್ನೊಂದು ಮಾನ), ಡಿಗ್ರಿಗೆ ಬದಲಿಸಿ.

ಹಂತ 5: ತಾಳೆ

ವಿಸ್ತೀರ್ಣಗಳನ್ನು ಕೂಡಿ ನೋಡಿ. ಎಡಗಡೆಯದು 8.64, ಬಲಗಡೆಯದು 15.36, ಎರಡೂ ಸೇರಿ 24. ದೊಡ್ಡದರ ವಿಸ್ತೀರ್ಣವೂ 24. ಇನ್ನು ಒಂದೊಂದನ್ನೂ 24ರಿಂದ ಭಾಗಿಸಿದರೆ 0.36 ಮತ್ತು 0.64 ಸಿಗುತ್ತವೆ. ಮೊದಲನೆಯದು ‘ಸಿ’ಯ ಸೈನ್‌ನ ವರ್ಗ, ಎರಡನೆಯದು ಕಾಸ್‌ನ ವರ್ಗ. ಕೂಡಿದರೆ 1. ಸೈನ್ ವರ್ಗ + ಕಾಸ್ ವರ್ಗ = 1 ಎಂದು ಎಲ್ಲರೂ ಬಾಯಿಪಾಠ ಮಾಡುವ ಆ ಸೂತ್ರ ಈ ಚಿತ್ರದೊಳಗೇ ಇದೆ.