2022ರ ಕಾಂಗ್ರೆಸ್ ಅಧ್ಯಕ್ಷ ಚುನಾವಣೆ: ನಾನು ಮತ ಹಾಕಿದ್ದು ಹೇಗೆ

2019ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಬಂದಿದ್ದು 52 ಸೀಟು. ಅದಕ್ಕೆ ಮುಂಚೆ 2014ರಲ್ಲಿ 44. ಕರ್ನಾಟಕದ 28 ಕ್ಷೇತ್ರಗಳಲ್ಲಿ ನಮಗೆ ಉಳಿದಿದ್ದು ಬೆಂಗಳೂರು ಗ್ರಾಮಾಂತರ ಒಂದೇ. ಸೋಲಿನ ಹೊಣೆ ಹೊತ್ತು ರಾಹುಲ್ ಗಾಂಧಿ ರಾಜೀನಾಮೆ ಕೊಟ್ಟರು. ಸೋನಿಯಾ ಗಾಂಧಿ ಹಂಗಾಮಿ ಅಧ್ಯಕ್ಷರಾದರು. ಆ ಹಂಗಾಮಿ ಮೂರು ವರ್ಷ ಎಳೆಯಿತು. ಅಷ್ಟರಲ್ಲಿ ಪಂಜಾಬ್ ಕೂಡ ಕೈ ಬಿಟ್ಟಿತ್ತು.

ಕೊನೆಗೂ 2022ರ ಅಕ್ಟೋಬರ್ 17ಕ್ಕೆ ಮತದಾನ ಅಂತ ಆಯಿತು. ಈ ಚುನಾವಣೆಯಲ್ಲಿ ಮತ ಇರುವುದು ಎಲ್ಲ ಸದಸ್ಯರಿಗಲ್ಲ, ಪ್ರದೇಶ ಕಾಂಗ್ರೆಸ್ ಸಮಿತಿಗಳ, ಅಂದರೆ ಪಕ್ಷದ ರಾಜ್ಯ ಘಟಕಗಳ, ಪ್ರತಿನಿಧಿಗಳಿಗೆ ಮಾತ್ರ. ದೇಶದಲ್ಲಿ ಒಂಬತ್ತು ಸಾವಿರಕ್ಕೂ ಜಾಸ್ತಿ ಜನ. ಚಿತ್ರದುರ್ಗ ಜಿಲ್ಲೆಯಿಂದ ಹೋದವರಲ್ಲಿ ನಾನೂ ಒಬ್ಬ. ಆ ಮತವನ್ನು ಹೇಗೆ ನಿರ್ಧರಿಸಿದೆ ಅಂತ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಕಣದಲ್ಲಿ ಯಾರಿರುತ್ತಾರೆ ಅನ್ನೋದೇ ಮೊದಲು ಗೊತ್ತಿರಲಿಲ್ಲ. ಆಗ ರಾಜಸ್ಥಾನದ ಮುಖ್ಯಮಂತ್ರಿಯಾಗಿದ್ದ ಅಶೋಕ್ ಗೆಹ್ಲೋಟ್ ಅಂದರು, ಅಲ್ಲಿ ಅವರ ಕಡೆಯ ಶಾಸಕರು ಬಂಡೆದ್ದ ಗಲಾಟೆಯಲ್ಲಿ ಅದು ಮುಗಿಯಿತು. ದಿಗ್ವಿಜಯ ಸಿಂಗ್ ಹಿಂದೆ ಸರಿದರು. ಜಾರ್ಖಂಡ್‌ನ ಕೆ.ಎನ್. ತ್ರಿಪಾಠಿಯವರ ನಾಮಪತ್ರ ತಿರಸ್ಕಾರವಾಯಿತು. ಉಳಿದವರು ಮಲ್ಲಿಕಾರ್ಜುನ ಖರ್ಗೆ ಮತ್ತು ಕೇರಳದ ಸಂಸದ ಶಶಿ ತರೂರ್. ಇಬ್ಬರಿಗೂ ಗಾಂಧಿ ಕುಟುಂಬದ ಅಧಿಕೃತ ಬೆಂಬಲ ಇಲ್ಲ, ಕುಟುಂಬ ತಟಸ್ಥ ಅಂತ ಹೇಳಿದರು. ಆದರೂ ದೊಡ್ಡ ನಾಯಕರು ಹೆಚ್ಚಿನವರು ಖರ್ಗೆಯವರ ಕಡೆ ಇದ್ದದ್ದು ಎಲ್ಲರಿಗೂ ಕಾಣುತ್ತಿತ್ತು.

ಆಗ ನನಗೆ ಹೆಚ್ಚು ಕೇಳಿಬಂದ ಮಾತು, "ಸ್ಪರ್ಧೆ ಯಾಕೆ, ಒಮ್ಮತದಿಂದ ಮಾಡಬಹುದಿತ್ತಲ್ವಾ?" ನಮ್ಮ ಕಡೆಯ ಹಿರಿಯ ಮುಖಂಡರೊಬ್ಬರು ಫೋನ್ ಮಾಡಿ ಹಾಗೇ ಹೇಳಿದರು. ಸೋತ ಪಕ್ಷ ಒಳಗೇ ಜಗಳ ಆಡಿದರೆ ಜನ ನಗುತ್ತಾರೆ ಅನ್ನೋದು ಅವರ ಆತಂಕ. ನಾನು ಒಪ್ಪಲಿಲ್ಲ. ಗೆದ್ದ ಪಕ್ಷಕ್ಕೆ ಒಮ್ಮತ ಸುಲಭ, ಹಂಚಲು ಅಧಿಕಾರ ಇರುತ್ತದೆ. ಸೋತ ಪಕ್ಷದಲ್ಲಿ ಯಾಕೆ ಸೋತೆವು ಅನ್ನೋದರ ಬಗ್ಗೆಯೇ ಒಮ್ಮತ ಇರೋದಿಲ್ಲ. ಇಬ್ಬರು ನಿಂತು ಎರಡು ದಾರಿ ತೋರಿಸಿದರೆ ಮಾತ್ರ ಆ ಪ್ರಶ್ನೆ ಬಾಯಿಗೆ ಬರುತ್ತದೆ. "ಅಣ್ಣಾ, ತರೂರ್ ನಿಂತಿರೋದರಿಂದಲೇ ನೀವು ನನಗೆ ಫೋನ್ ಮಾಡಿದ್ದು, ಇಲ್ಲಾಂದ್ರೆ ಮಾಡ್ತಿರಲಿಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ನಿಜ" ಅಂದರು.

ಮತ ನನ್ನದೇ ಆದರೂ ಅದರ ಹಿಂದೆ ನಮ್ಮ ಬ್ಲಾಕ್‌ನ (ಜಿಲ್ಲಾ ಸಮಿತಿಯ ಕೆಳಗಿನ ಪಕ್ಷದ ಘಟಕದ) ಸದಸ್ಯರಿದ್ದಾರೆ. ಐದು ರೂಪಾಯಿ ಕೊಟ್ಟು ಸದಸ್ಯರಾದವರಿಗೆ ನೇರ ಮತ ಇಲ್ಲ. ಹಾಗಾಗಿ ಅವರನ್ನು ಕೇಳದೆ ಬೆಂಗಳೂರಿಗೆ ಹೋಗಬಾರದು ಅಂತ ನಿರ್ಧರಿಸಿದೆ. ಆ ದಿನಗಳಲ್ಲಿ ಭಾರತ್ ಜೋಡೊ ಯಾತ್ರೆ ಹಿರಿಯೂರು, ಚಳ್ಳಕೆರೆ ದಾಟಿ ಬಳ್ಳಾರಿ ಕಡೆ ಹೊರಟಿತ್ತು. ಬೂತ್ ಮಟ್ಟದ ಕಾರ್ಯಕರ್ತರೆಲ್ಲ ರಸ್ತೆ ಮೇಲೇ ಸಿಕ್ಕರು. ಶೇಂಗಾ ಕೀಳುವ ಕೆಲಸ ಬಿಟ್ಟು ಬಂದವರೂ ಇದ್ದರು. ನಡೆಯುತ್ತ, ಟೀ ಕುಡಿಯುತ್ತ ಮಾತಾಡಿಸಿದೆ.

ಯಾರಿಗೆ ಹಾಕಲಿ ಅಂತ ನಾನು ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ "ನಮ್ಮ ಖರ್ಗೆಯವರಿಗೆ" ಅಂದುಬಿಡುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಬೇರೆ ತರ ಕೇಳಿದೆ. "2019ರಲ್ಲಿ ನಿಮ್ಮ ಬೂತ್‌ನಲ್ಲಿ ಯಾಕೆ ಸೋತ್ರಿ? ಆಮೇಲೆ ಪಕ್ಷದಿಂದ ಯಾರಾದರೂ ಬಂದು ಕೇಳಿದರಾ?" ಮೊದಲನೆಯದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಎರಡನೆಯದಕ್ಕೆ ಎಲ್ಲರದೂ ಒಂದೇ ಉತ್ತರ: ಇಲ್ಲ. ಒಬ್ಬ ಹೆಣ್ಣುಮಗಳು, ಪಂಚಾಯ್ತಿ ಸದಸ್ಯೆ, ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದಿದೆ: "ಗೆದ್ದಾಗ ಹಾರ ಹಾಕಿಸ್ಕೊಳ್ಳೋಕೆ ಬರ್ತಾರೆ ಸಾರ್, ಸೋತಾಗ ಎಣಿಕೆ ಕೇಂದ್ರದಿಂದ ಮನೆಗೆ ನಾವೊಬ್ಬರೇ ಹೋಗ್ತೀವಿ."

ಅಲ್ಲಿಂದ ನನ್ನ ಅಳತೆ ಖಚಿತವಾಯಿತು. ಭಾಷಣ ಚೆನ್ನಾಗಿ ಮಾಡುವವರು ಯಾರು, ಟಿವಿಯಲ್ಲಿ ಯಾರು ಚೆನ್ನಾಗಿ ಕಾಣುತ್ತಾರೆ ಅನ್ನೋದನ್ನು ಬದಿಗಿಟ್ಟೆ. ಸೋತ ಮೇಲೂ ಕೆಲಸದಲ್ಲಿ ನಿಂತವರು ಯಾರು? ಬ್ಲಾಕ್ ಕಾಂಗ್ರೆಸ್ ಅಂದರೆ ಏನು ಅಂತ ಒಳಗಿಂದ ಗೊತ್ತಿರುವವರು ಯಾರು?

ತರೂರ್ ಅವರ ಪ್ರಣಾಳಿಕೆಯನ್ನು ಪೂರ್ತಿ ಓದಿದೆ. ಅಧಿಕಾರ ದೆಹಲಿಯಿಂದ ಕೆಳಕ್ಕೆ ಹರಿಯಬೇಕು ಅನ್ನೋದು ಅದರ ತಿರುಳು. ನನಗೆ ಅದು ನೂರಕ್ಕೆ ನೂರು ಸರಿ ಅನ್ನಿಸಿತು. ಪ್ರತಿನಿಧಿಗಳ ಪಟ್ಟಿಯಲ್ಲಿ ಫೋನ್ ನಂಬರೇ ಸರಿಯಾಗಿಲ್ಲ, ನಾನು ಮತದಾರರನ್ನು ತಲುಪೋದು ಹೇಗೆ ಅಂತ ಅವರು ಬಹಿರಂಗವಾಗಿ ದೂರಿದರು. ಆ ದೂರು ನ್ಯಾಯವಾದದ್ದು. ಮತದಾರರ ವಿಳಾಸ ಸಿಗದ ಅಭ್ಯರ್ಥಿ ಪ್ರಚಾರ ಮಾಡೋದಾದರೂ ಎಲ್ಲಿ? ಅವರ ವಿಚಾರಗಳನ್ನು ನಮ್ಮ ಜಿಲ್ಲೆಯ ಇತರ ಪ್ರತಿನಿಧಿಗಳಿಗೆ ನಾನೇ ಕನ್ನಡದಲ್ಲಿ ಚಿಕ್ಕದಾಗಿ ಬರೆದು ವಾಟ್ಸಾಪ್‌ನಲ್ಲಿ ಕಳಿಸಿದೆ. ಇನ್ನೊಬ್ಬರ ಮಾತು ಕೇಳದೆ ಹಾಕಿದರೆ ಅದು ಆಯ್ಕೆ ಆಗೋದಿಲ್ಲ.

ಆದರೂ ನನ್ನ ಮತ ಖರ್ಗೆಯವರಿಗೆ ಹೋಯಿತು. ಕನ್ನಡಿಗರು ಅನ್ನುವ ಹೆಮ್ಮೆ ಇತ್ತು, ಇಲ್ಲ ಅನ್ನೋದಿಲ್ಲ. ನಮ್ಮ ದುರ್ಗದ ಎಸ್. ನಿಜಲಿಂಗಪ್ಪನವರು 1968ರಲ್ಲಿ ಎಐಸಿಸಿ ಅಧ್ಯಕ್ಷರಾಗಿದ್ದರು, ಅಂದರೆ ಇದೇ ರಾಷ್ಟ್ರೀಯ ಅಧ್ಯಕ್ಷ ಸ್ಥಾನ. ಮರುವರ್ಷವೇ ಪಕ್ಷ ಒಡೆಯಿತು. ಆ ಮೇಲೆ ಕರ್ನಾಟಕದವರು ಆ ಕುರ್ಚಿಗೆ ಹೋಗಿರಲಿಲ್ಲ. ಆದರೆ ಹೆಮ್ಮೆಗೆ ಮತ ಹಾಕಬಾರದು ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಕಾರಣ ಬೇರೆ. ಖರ್ಗೆ ಕಲಬುರಗಿಯಲ್ಲಿ ಪಕ್ಷದ ತಳಮಟ್ಟದಿಂದ ಬಂದವರು. 1972ರಿಂದ ಗುರುಮಠಕಲ್‌ನಲ್ಲಿ ಸತತ ಎಂಟು ಸಲ, ಆಮೇಲೆ ಚಿತ್ತಾಪುರದಲ್ಲಿ ಒಮ್ಮೆ, ಲೋಕಸಭೆಗೆ ಎರಡು ಸಲ ಗೆದ್ದರು. ಜನ ಅವರನ್ನು ಸೋಲಿಲ್ಲದ ಸರದಾರ ಅಂತಲೇ ಕರೆಯುತ್ತಿದ್ದರು. 2019ರಲ್ಲಿ ಅವರೂ ಸೋತರು. ಸೋತು ಮನೆಯಲ್ಲಿ ಕೂರಲಿಲ್ಲ, ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿ ದುಡಿದರು. ಅಧ್ಯಕ್ಷ ಚುನಾವಣೆಗೆ ನಿಂತಾಗ ಒಬ್ಬರಿಗೆ ಒಂದೇ ಹುದ್ದೆ ಅಂತ ಆ ಸ್ಥಾನಕ್ಕೂ ರಾಜೀನಾಮೆ ಕೊಟ್ಟರು. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನಕ್ಕಾಗಿ ಅವರು ಪಟ್ಟು ಹಿಡಿದಿದ್ದು ನೆನಪಿತ್ತು. 80 ವಯಸ್ಸಾಯಿತಲ್ವಾ ಅಂತ ಯುವಕರು ಕೇಳಿದರು. ಅದು ಸರಿಯಾದ ಪ್ರಶ್ನೆಯೇ. ಪದಾಧಿಕಾರಿಗಳಲ್ಲಿ ಅರ್ಧದಷ್ಟು 50 ವರ್ಷದೊಳಗಿನವರು ಇರಬೇಕು ಅನ್ನುವ, ಪಕ್ಷದ ಉದಯಪುರ ಚಿಂತನ ಶಿಬಿರದ ತೀರ್ಮಾನ ಜಾರಿ ಮಾಡುತ್ತೇನೆ ಅಂತ ಅವರು ಹೇಳಿದ್ದು ನನಗೆ ಭರವಸೆ ಕೊಟ್ಟಿತು.

ಮತ ಯಾರಿಗೆ ಅನ್ನೋದು ತೀರ್ಮಾನವಾದ ಮೇಲೆ ಹೆಚ್ಚು ತಲೆಬಿಸಿ ಕೊಟ್ಟಿದ್ದು ಮತ ಹಾಕುವ ರೀತಿ. ಮೊದಲು ಬಂದ ಸೂಚನೆ, ಇಷ್ಟದ ಅಭ್ಯರ್ಥಿಯ ಮುಂದೆ 1 ಅಂತ ಬರೆಯಿರಿ ಅಂತ. ಬ್ಯಾಲೆಟ್‌ನಲ್ಲಿ ಖರ್ಗೆಯವರ ಕ್ರಮಸಂಖ್ಯೆ 1, ತರೂರ್ ಅವರದು 2. 1 ಬರೆಯಿರಿ ಅಂದರೆ ಒಂದನೇ ನಂಬರಿನವರಿಗೆ ಹಾಕಿ ಅಂತ ಜನ ತಿಳಿಯುತ್ತಾರೆ ಅಂತ ತರೂರ್ ಕಡೆಯವರು ಆಕ್ಷೇಪಿಸಿದರು. ಚುನಾವಣಾ ಪ್ರಾಧಿಕಾರದ ಅಧ್ಯಕ್ಷ ಮಧುಸೂದನ್ ಮಿಸ್ತ್ರಿ ಒಪ್ಪಿ, ಟಿಕ್ ಗುರುತು ಹಾಕಿ ಅಂತ ಬದಲಿಸಿದರು. ನನ್ನ ಅಭ್ಯರ್ಥಿಗೆ ಅನುಕೂಲವಾಗಿದ್ದ ಕ್ರಮ ಬದಲಾಯಿತು, ಆದರೂ ಬದಲಾಗಿದ್ದೇ ಸರಿ. ಗೊತ್ತಿದ್ದ ಪ್ರತಿನಿಧಿಗಳಿಗೆಲ್ಲ ಫೋನ್ ಮಾಡಿದೆ. "ಯಾರಿಗಾದರೂ ಹಾಕಿ, ಟಿಕ್ ಮಾತ್ರ ಹಾಕಿ, ಸಂಖ್ಯೆ ಬರೀಬೇಡಿ." ಅದು ಸಣ್ಣ ವಿಷಯ ಅಲ್ಲ ಅಂತ ಎಣಿಕೆಯ ದಿನ ಗೊತ್ತಾಯಿತು. ದೇಶದಲ್ಲಿ 416 ಮತ ಅಸಿಂಧುವಾಗಿದ್ದವು.

ಸೋಮವಾರ ಬೆಳಿಗ್ಗೆ ಕ್ವೀನ್ಸ್ ರೋಡ್‌ನ ಕೆಪಿಸಿಸಿ ಕಚೇರಿಗೆ ಹೋದೆವು. ಖರ್ಗೆಯವರೂ ಅಲ್ಲೇ ಮತ ಹಾಕಿದರು. ರಾಹುಲ್ ಗಾಂಧಿ ಬಳ್ಳಾರಿಯ ಯಾತ್ರೆ ಶಿಬಿರದಲ್ಲಿ ಹಾಕಿದರು. ಕ್ಯೂಆರ್ ಕೋಡ್ ಇದ್ದ ಗುರುತಿನ ಚೀಟಿ ತೋರಿಸಿ, ಬ್ಯಾಲೆಟ್ ತೆಗೆದುಕೊಂಡು, ಟಿಕ್ ಹಾಕಿ, ಮಡಚಿ ಪೆಟ್ಟಿಗೆಗೆ ಹಾಕಿದೆ. ಕೆಲಸ ಅಷ್ಟೇ.

ಈ ಚುನಾವಣೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಆಮೇಲಿನ ಹೆಜ್ಜೆ. ಪೆಟ್ಟಿಗೆಗಳೆಲ್ಲ ದೆಹಲಿಗೆ ಹೋದವು. ಎಲ್ಲ ರಾಜ್ಯಗಳ ಬ್ಯಾಲೆಟ್‌ಗಳನ್ನು ಬೆರೆಸಿ ಆಮೇಲೆ ಎಣಿಸಿದರು. ಯಾವ ರಾಜ್ಯದಿಂದ ಯಾರಿಗೆ ಎಷ್ಟು ಅಂತ ಯಾರಿಗೂ ಗೊತ್ತಾಗೋದಿಲ್ಲ. ಸ್ಥಳೀಯ ನಾಯಕರ ಮುಲಾಜಿನಲ್ಲಿ ಬದುಕುವ ಪ್ರತಿನಿಧಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಬೇರೆ ಇಲ್ಲ. ಯಾವುದೇ ಪಕ್ಷ ಒಳಗಿನ ಚುನಾವಣೆ ಮಾಡಲಿ, ಇದೊಂದನ್ನು ಬಿಡಬಾರದು.

19ಕ್ಕೆ ಫಲಿತಾಂಶ: ಖರ್ಗೆ 7,897, ತರೂರ್ 1,072. 24 ವರ್ಷದ ಮೇಲೆ ಗಾಂಧಿ ಕುಟುಂಬದ ಹೊರಗಿನವರು ಅಧ್ಯಕ್ಷರಾದರು. ನಮ್ಮವರು 7,897ನ್ನೇ ಹೇಳಿಕೊಂಡು ಪಟಾಕಿ ಹೊಡೆದರು. ನಾನು ಆ 1,072ನ್ನೂ ಮುಖ್ಯ ಅಂತ ಎಣಿಸಿದೆ. 2000ದಲ್ಲಿ ಸೋನಿಯಾ ಗಾಂಧಿಯವರ ಎದುರು ನಿಂತ ಜಿತೇಂದ್ರ ಪ್ರಸಾದ ಅವರಿಗೆ ಬಂದಿದ್ದು 94 ಮತ. 1997ರಲ್ಲಿ ಸೀತಾರಾಮ್ ಕೇಸರಿ ಎದುರು ಶರದ್ ಪವಾರ್‌ಗೇ 882. ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ದೊಡ್ಡವರ ಒಲವು ಗೊತ್ತಿದ್ದೂ ಬೇರೆಯವರಿಗೆ ಹಾಕಿದರು. ಅವರು ಪಕ್ಷದ ವಿರೋಧಿಗಳಲ್ಲ, ಬದಲಾವಣೆ ಬೇಗ ಬೇಕು ಅಂದವರು.

2023ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ 135 ಸೀಟು ಬಂತು. ವರ್ಷದ ಕೊನೆಗೆ ತೆಲಂಗಾಣ ಸಿಕ್ಕಿತು, ರಾಜಸ್ಥಾನ, ಛತ್ತೀಸ್‌ಗಢ ಹೋದವು. 2024ರಲ್ಲಿ ಲೋಕಸಭೆಯಲ್ಲಿ 99. ಇದೆಲ್ಲ ಅಧ್ಯಕ್ಷರೊಬ್ಬರಿಂದ ಆಯಿತು ಅಂತ ನಾನು ಹೇಳೋದಿಲ್ಲ. ಆದರೆ ಕುರ್ಚಿಯಲ್ಲಿ ಯಾರಿದ್ದಾರೆ ಅಂತ ಕಾರ್ಯಕರ್ತರಿಗೆ ಸ್ಪಷ್ಟವಾಗಿದ್ದು ದೊಡ್ಡ ಬಲ.

ಬೇಸರ ಆಗಿದ್ದು 2023ರ ಫೆಬ್ರವರಿಯಲ್ಲಿ, ರಾಯಪುರ ಅಧಿವೇಶನದಲ್ಲಿ. ಪಕ್ಷದ ದೊಡ್ಡ ತೀರ್ಮಾನ ಮಾಡುವ ಕಾರ್ಯಕಾರಿ ಸಮಿತಿಗೂ ಚುನಾವಣೆ ಮಾಡುತ್ತಾರೆ ಅಂತ ನಾವು ಕಾಯುತ್ತಿದ್ದೆವು. ಸದಸ್ಯರನ್ನು ನೇಮಿಸುವ ಅಧಿಕಾರವನ್ನು ಅಧ್ಯಕ್ಷರಿಗೇ ಬಿಟ್ಟರು. ಆಗಸ್ಟ್‌ನಲ್ಲಿ ಬಂದ ಪಟ್ಟಿಯಲ್ಲಿ ತರೂರ್ ಅವರ ಹೆಸರಿತ್ತು, ಅದು ಒಳ್ಳೆಯದೇ. ಆದರೆ ಗೆದ್ದು ಬರುವುದು ಬೇರೆ, ಹೆಸರಿಸಿ ಬರುವುದು ಬೇರೆ. ಅಧ್ಯಕ್ಷರಿಗೆ ನಡೆದ ಗುಟ್ಟಿನ ಮತದಾನ ಕಾರ್ಯಕಾರಿ ಸಮಿತಿಗೆ ಬರಲಿ, ಬ್ಲಾಕ್ ಅಧ್ಯಕ್ಷರಿಗೂ ಬರಲಿ ಅಂತ ನಮ್ಮ ಜಿಲ್ಲೆಯ ಸಭೆಗಳಲ್ಲಿ ನಾನು ಕೇಳುತ್ತಲೇ ಇದ್ದೇನೆ. ಆ ಪಂಚಾಯ್ತಿ ಸದಸ್ಯೆಗೂ ಒಂದು ಬ್ಯಾಲೆಟ್ ಸಿಗಬೇಕು.