ಭೋಗ್ಯ ಎಂಬ ಪದದ ಬೆನ್ನು ಹತ್ತಿ

ಹಳೆಯ ಜಮೀನು ಪತ್ರಗಳನ್ನು ಓದಿ ಹೇಳುವುದು ನನ್ನ ವಕೀಲಿ ಕೆಲಸದಲ್ಲಿ ದೊಡ್ಡ ಪಾಲು. ಮೊದಮೊದಲು ಗೊತ್ತಿಲ್ಲದ ಪದ ಸಿಕ್ಕರೆ ನೇರ ನಿಘಂಟು ತೆಗೆಯುತ್ತಿದ್ದೆ. ಈಗ ಮೊದಲು ಪತ್ರವನ್ನೇ ಪೂರ್ತಿ ಓದುತ್ತೇನೆ. ದುಡ್ಡು ಯಾರಿಂದ ಯಾರಿಗೆ ಹೋಯಿತು, ಜಮೀನು ಯಾರ ಕೈಗೆ ಬಂತು, ಯಾವಾಗ ಬಿಟ್ಟುಕೊಡಬೇಕು ಎಂದು ನೋಡುತ್ತೇನೆ.

ಈ ರೂಢಿ ಬಿದ್ದದ್ದು ಒಂದು ಭೋಗ್ಯ ಪತ್ರದಿಂದ. ಅಣ್ಣತಮ್ಮಂದಿರಿಬ್ಬರು ತಾತನ ಕಾಲದ ಕಾಗದ ತಂದಿದ್ದರು. ಮಡಿಕೆ ಬಿದ್ದ ಕಡೆಯೆಲ್ಲ ಹರಿದಿತ್ತು. "ತಾತ ಮಾರಿಬಿಟ್ಟಿದ್ದಾರಂತೆ ಸಾರ್, ಆದರೂ ಒಂದ್ಸಲ ನೋಡಿ" ಅಂದರು. ಎರಡು ತಲೆಮಾರಿನಿಂದ ಜಮೀನು ಬೇರೆಯವರ ಸಾಗುವಳಿಯಲ್ಲಿತ್ತು. ಪತ್ರದಲ್ಲಿ 'ಕ್ರಯ' ಎಂಬ ಮಾತೇ ಇರಲಿಲ್ಲ. ಬಡ್ಡಿಗೆ ಬದಲು ಫಸಲು ಅನುಭವಿಸತಕ್ಕದ್ದು, ಅಸಲು ಸಂದಾಯವಾದ ದಿನ ಜಮೀನು ಬಿಟ್ಟುಕೊಡತಕ್ಕದ್ದು ಎಂದಿತ್ತು. ಇದು ಮಾರಾಟ ಅಲ್ಲ, ಸ್ವಾಧೀನ ಅಡಮಾನ.

ಭೋಗ್ಯ ಎಂದರೆ ಅನುಭವಿಸಬೇಕಾದದ್ದು. ಬಾಡಿಗೆ ಇಲ್ಲದೆ ಒಟ್ಟಿಗೆ ದುಡ್ಡು ಕೊಟ್ಟು, ಬಿಡುವಾಗ ಅದನ್ನು ವಾಪಸ್ ಪಡೆಯುವ ಮನೆಗೂ ಬೆಂಗಳೂರಿನಲ್ಲಿ ಭೋಗ್ಯ ಅಂತಲೇ ಹೇಳ್ತಾರೆ ಅಲ್ವಾ? ಪದ ಬಹಳ ಹಳೆಯದು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ 'ಫಲಭೋಗ್ಯೋ ನ ನಶ್ಯತಿ' ಎಂಬ ಮಾತಿದೆ. ಫಲ ಉಣ್ಣುವ ಅಡವು ಮುಳುಗುವುದಿಲ್ಲ ಎಂದು ಅರ್ಥ. ಆ ಸ್ಮೃತಿಗೆ ವಿಜ್ಞಾನೇಶ್ವರ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದದ್ದು ನಮ್ಮ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ. 2014ರಲ್ಲಿ ಸುಪ್ರೀಂ ಕೋರ್ಟ್ ಕೂಡ, ಇಂಥ ಅಡಮಾನದಲ್ಲಿ ಪತ್ರ ಬರೆದು 30 ವರ್ಷ ಕಳೆಯಿತು ಎಂಬ ಒಂದೇ ಕಾರಣಕ್ಕೆ ಬಿಡಿಸಿಕೊಳ್ಳುವ ಹಕ್ಕು ಹೋಗುವುದಿಲ್ಲ ಎಂದಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಪದಗಳಿಗೇ ಒಂದು ನೋಟ್‌ಬುಕ್ ಮಾಡಿದೆ. ದರಖಾಸ್ತು ಪಾರಸಿ ಪದ, ಮೂಲದಲ್ಲಿ ಬರೀ 'ಕೋರಿಕೆ'. ನಮ್ಮಲ್ಲಿ ಸರ್ಕಾರಿ ಜಮೀನಿನ ಮಂಜೂರಾತಿಗೇ ಆ ಹೆಸರು ಬಂತು. ಉಂಬಳಿ, ಅಂದರೆ ಸೇವೆಗೆಂದು ಬಿಟ್ಟುಕೊಟ್ಟ ಜಮೀನು, ಅಚ್ಚ ಕನ್ನಡ, 'ಉಣ್ಣು' ಎಂಬುದರಿಂದ ಬಂದದ್ದು. ಮುಚ್ಚಳಿಕೆ, ಅಂದರೆ ಬರೆದುಕೊಡುವ ಕರಾರು; ಅದಕ್ಕೂ ಮುಚ್ಚಳಕ್ಕೂ ನಂಟಿಲ್ಲ. ಅದು ಮೊಗಲರ ಕಚೇರಿಯ 'ಮುಚಲ್ಕಾ'. ಕಿವಿಗೆ ಕನ್ನಡ ಅನ್ನಿಸಿದ್ದನ್ನೆಲ್ಲ ಕನ್ನಡ ಅಂದುಕೊಳ್ಳಬಾರದು ಎಂದು ಅದರ ಪಕ್ಕ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಆ ಅಣ್ಣತಮ್ಮಂದಿರ ಪತ್ರದಲ್ಲಿದ್ದ ಅಸಲು 300 ರೂಪಾಯಿ. ಆಸ್ತಿ ಹಸ್ತಾಂತರ ಕಾಯ್ದೆಯ 83ನೇ ಸೆಕ್ಷನ್ ಪ್ರಕಾರ ಅದನ್ನು ಕೋರ್ಟಿನಲ್ಲಿ ಠೇವಣಿ ಇಟ್ಟೆವು. ದುಡ್ಡು ಎಣಿಸಿ ಕೊಟ್ಟದ್ದು ದೊಡ್ಡವನು. ಚಿಕ್ಕವನು ರಸೀದಿಯನ್ನು ತಾತನ ಪತ್ರದ ಮಡಿಕೆಯೊಳಗೇ ಇಟ್ಟುಕೊಂಡ.