ಕಲ್ಲಿದ್ದಲು ಒಲೆಗೆ ಹೊಗೆಕೊಳವೆ: ಒಳಪದರದ ಲೋಹ ಯಾವುದೆಂದು ಮೊದಲು ಕೇಳಿ

ಸೌದೆ ಒಲೆ ನೋಡುತ್ತ ಬೆಳೆದ ನಮಗೆ ಹೊಗೆಯೇ ಅಳತೆಗೋಲು. ಅದು ಸಲೀಸಾಗಿ ಮೇಲೆ ಹೋದರೆ ಒಲೆ ಸರಿಯಿದೆ, ಕಣ್ಣುರಿ ಬಂದರೆ ಸರಿಯಿಲ್ಲ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಇಂದಿಗೂ ಮನೆಗಳನ್ನು ಬೆಚ್ಚಗಿಡುವ ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲಿಗೆ ಈ ಅಳತೆ ಹೊಂದುವುದಿಲ್ಲ. ಅದು ನೀಲಿ ಜ್ವಾಲೆಯಲ್ಲಿ ಉರಿಯುತ್ತದೆ, ಹೊಗೆ ಕಾಣುವುದೇ ಇಲ್ಲ. ಕೊಳವೆ ಕೈಕೊಟ್ಟಾಗ ಮನೆ ತುಂಬುವ ಕಾರ್ಬನ್ ಮೊನಾಕ್ಸೈಡ್‌ಗೂ ಬಣ್ಣವಿಲ್ಲ, ವಾಸನೆಯಿಲ್ಲ. ಆ ಕಡೆ ಮನೆ ಮಾಡಿ ಇಂಥ ಒಲೆ ಹೂಡಲು ಹೊರಟ ಕನ್ನಡಿಗರು ಒಲೆಗಿಂತ ಮೊದಲು ಕೊಳವೆಯನ್ನು ನಿಶ್ಚಯಿಸಿಕೊಳ್ಳಬೇಕು.

ಮೊದಲ ಹೆಜ್ಜೆ, ಬಗೆ ಗುರುತಿಸುವುದು. ಅಂಗಡಿಯಲ್ಲಿ ಸಿಗುವ ಒಂಟಿ ಪದರದ ಕಪ್ಪು ಕೊಳವೆ ಒಲೆಯಿಂದ ಗೋಡೆ ಅಥವಾ ಚಾವಣಿಯವರೆಗೆ ಮಾತ್ರ. ಅದು ಮರದಂಥ ಸುಡುವ ವಸ್ತುಗಳಿಂದ 18 ಅಂಗುಲ ದೂರವಿರಬೇಕು, ಗೋಡೆಯನ್ನಾಗಲಿ ಅಟ್ಟವನ್ನಾಗಲಿ ತೂರಿ ಹೋಗಕೂಡದು. ಗ್ಯಾಸ್ ಉಪಕರಣಗಳಿಗೆಂದು ಮಾರುವ ‘ಟೈಪ್ ಬಿ’ ಕೊಳವೆಯ ಒಳಪದರ ಅಲ್ಯೂಮಿನಿಯಂ. ಅಗ್ಗವೆಂದು ಅದನ್ನು ತರಲೇಬೇಡಿ. ಗೋಡೆಯಿಂದಾಚೆಗೆ ಬೇಕಾದದ್ದು ಎರಡು ಪದರಗಳ ನಡುವೆ ಶಾಖನಿರೋಧಕ ತುಂಬಿದ ‘ಕ್ಲಾಸ್ ಎ’ ಕೊಳವೆ. ಅದರ ಮೇಲೆ ‘ಯುಎಲ್ 103 ಎಚ್‌ಟಿ’ ಎಂಬ ಮುದ್ರೆಯನ್ನು ಹುಡುಕಿ. ಸುಮಾರು 540 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಸತತವಾಗಿ, 1,150 ಡಿಗ್ರಿಯನ್ನು ಹತ್ತು ಹತ್ತು ನಿಮಿಷ ಮೂರು ಬಾರಿ ತಾಳಿದ್ದಕ್ಕೆ ಸಿಗುವ ಮುದ್ರೆ ಅದು.

ಮುದ್ರೆ ನೋಡಿ ಸಮಾಧಾನಪಟ್ಟು ಮನೆಗೆ ಬರುವವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಹಳೆಯ ಕೊಳವೆಯೊಂದನ್ನು ಬಿಚ್ಚಿದಾಗ ನಾನು ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹೊರಮೈ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಒಳಗೆ ಬೂದಿ ಒದ್ದೆ ಉಪ್ಪಿನಂತೆ ಹೆಂಟೆಗಟ್ಟಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಮೆಲ್ಲಗೆ ಒತ್ತಿದ್ದಷ್ಟೇ, ಒಳಪದರ ಹಪ್ಪಳದಂತೆ ಮುರಿದು ತೂತು ಬಿತ್ತು. ಬೆಂಕಿ ಮಾಡಿದ ಹಾನಿಯಲ್ಲ ಅದು. ಹಾರುಬೂದಿಯಲ್ಲಿರುವ ಗಂಧಕ ಬೇಸಿಗೆಯ ತೇವದೊಡನೆ ಸೇರಿ ಆಮ್ಲವಾಗುತ್ತದೆ. ಒಲೆ ಆರಿದ ತಿಂಗಳುಗಳಲ್ಲಿಯೇ ಅದು ಲೋಹವನ್ನು ತಿನ್ನುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸೌದೆಗೆ ಸಾಕು. ಕಲ್ಲಿದ್ದಲಿಗೆ 316 ಎಲ್ ಅಥವಾ 316 ಟಿಐ ದರ್ಜೆಯದನ್ನೇ ಕೇಳಿ, ಬೆಲೆ ಹೆಚ್ಚಾದರೂ ಚೌಕಾಸಿ ಮಾಡಿ ಕೆಳದರ್ಜೆಗೆ ಇಳಿಯಬೇಡಿ. ವಾರಂಟಿ ಪತ್ರದಲ್ಲಿ ‘ಕಲ್ಲಿದ್ದಲು’ ಎಂಬ ಪದವನ್ನು ಹುಡುಕಿ ಓದಿ. ಕೆಲವು ತಯಾರಕರು ಅದನ್ನು ಹೊರಗಿಟ್ಟಿರುತ್ತಾರೆ.

ಅಳತೆ ಸುಲಭ. ಒಲೆಯಿಂದ ಅನಿಲ ಹೊರಡುವ ಬಾಯಿ ಎಷ್ಟು ಅಂಗುಲವೋ ಕೊಳವೆಯೂ ಅಷ್ಟೇ, ಬಹುಪಾಲು ಆರು ಅಂಗುಲ.

ದಾರಿಯನ್ನು ಮಾತ್ರ ನಿಧಾನವಾಗಿ ಯೋಚಿಸಿ. ಆಂಥ್ರಸೈಟ್ ಒಲೆಯಿಂದ ಹೊರಡುವ ಅನಿಲ ಸೌದೆಯದಷ್ಟು ಬಿಸಿಯಿರುವುದಿಲ್ಲ. ಕೊಳವೆ ತಣ್ಣಗಾದರೆ ಮೇಲ್ಮುಖ ಸೆಳೆತ ಕುಗ್ಗಿ ಅನಿಲ ಮನೆಯೊಳಕ್ಕೆ ತಿರುಗುತ್ತದೆ. ಆದ್ದರಿಂದ ಹೊರಗೋಡೆಗೆ ಅಂಟಿಸಿ ಏರಿಸುವುದಕ್ಕಿಂತ ಮನೆಯ ನಡುವಿನಿಂದ ನೇರವಾಗಿ ಮಾಡಿಗೆ ಒಯ್ಯುವುದು ಮೇಲು. ಮರದ ತೊಲೆಯಿಂದ ಸಾಮಾನ್ಯವಾಗಿ ಎರಡು ಅಂಗುಲ ಅಂತರ ಬೇಕು. ನಿಮ್ಮ ಕೊಳವೆಯ ಮೇಲೆ ಬರೆದಿರುವುದೇ ಅಂತಿಮ. ಆ ಜಾಗ ಖಾಲಿಯಿರಬೇಕು, ಶಾಖನಿರೋಧಕವನ್ನೂ ತುರುಕಬಾರದು. ತುದಿಯು ಮಾಡನ್ನು ದಾಟಿದ ಜಾಗದಿಂದ ಕನಿಷ್ಠ ಮೂರು ಅಡಿ, ಅಡ್ಡಕ್ಕೆ ಹತ್ತು ಅಡಿಯೊಳಗಿರುವ ಮನೆಯ ಯಾವುದೇ ಭಾಗಕ್ಕಿಂತ ಎರಡು ಅಡಿ ಎತ್ತರದಲ್ಲಿರಲಿ.

ಎಲ್ಲ ತುಂಡುಗಳನ್ನೂ ಒಂದೇ ತಯಾರಕರಿಂದ ಕೊಳ್ಳಿ. ಒಬ್ಬರ ಕೊಂಡಿ ಇನ್ನೊಬ್ಬರದಕ್ಕೆ ಕೂರುವುದಿಲ್ಲ, ಕೂತಂತೆ ಕಂಡರೂ ಅದನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಕೊಳವೆ ಗೋಡೆ ತೂರಿ ಹೋಗುವುದೇ ಆದರೆ ಬುಡದಲ್ಲಿ ಮುಚ್ಚಳವಿರುವ, ಇಂಗ್ಲಿಷ್ T ಅಕ್ಷರದಾಕಾರದ ‘ಟೀ’ ಜೋಡಣೆ ಇರಲಿ. ಹಾರುಬೂದಿ ಬಂದು ನಿಲ್ಲುವುದು ಅಲ್ಲಿಯೇ. ಒಳಗಿನ ಕಪ್ಪು ಕೊಳವೆಯ ಪ್ರತಿ ಕೀಲಿಗೂ ಮೂರು ಸ್ಕ್ರೂ ಹಾಕಿ. ಕೆಲಸಕ್ಕೆ ಮೊದಲು ಸ್ಥಳೀಯ ಆಡಳಿತದ ಅನುಮತಿ ಪಡೆಯಿರಿ. ಮೊದಲ ಬೆಂಕಿಗೆ ಮುನ್ನ ಪ್ರತಿ ಮಹಡಿಗೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇಕೇ ಬೇಕು, ಮಲಗುವ ಕೋಣೆಗಳ ಹತ್ತಿರ ತಪ್ಪದೆ.

ವಸಂತದಲ್ಲಿ ಒಲೆ ಆರಿಸಿ ಪೂರ್ತಿ ತಣ್ಣಗಾದೊಡನೆ, ಒಂದೆರಡು ದಿನದೊಳಗೆ, ಕಪ್ಪು ಕೊಳವೆಯನ್ನು ಬಿಚ್ಚಿ ಬೂದಿ ಕೊಡವಿ. ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ. ಉದ್ದದ ಕುಂಚದಿಂದ ಚಿಮಣಿಯನ್ನೂ ಗುಡಿಸಿ, ‘ಟೀ’ಯ ಮುಚ್ಚಳ ತೆಗೆದು ಅಲ್ಲಿ ಬಿದ್ದ ಬೂದಿಯನ್ನು ಕೊನೆಯ ಹಿಡಿಯವರೆಗೂ ಬಳಿದು ಹಾಕಿ.